ಪರದೆ ಒರೆಸಿದ್ದೇ ತಪ್ಪಾಯಿತು

ಗೆಳೆಯರೇ, ಇವತ್ತು ನರಗುಂದದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಭಾಷೆ ಕಲಿಸುವ ಕೆಲಸಕ್ಕೆ ಪರೀಕ್ಷೆ ಇತ್ತು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳಿಗೆ ಡಿಗ್ರಿ ಕೇಳದ ಇಂಥ ಕೆಲಸ ಮತ್ತೆಲ್ಲಿ ಸಿಗಬೇಕು? ಗಾಬರಿಯಲ್ಲಿ ಎದುರಿಗೆ ಕಂಡ ಹೊಸ ಕಂಪ್ಯೂಟರಿನ ಮುಂದೆ ಕೂತುಬಿಟ್ಟೆ.

ನಾನು ಒಬ್ಬಳೇ ಕೂತು ಸಿ ಕಲಿತದ್ದು ಗಜೇಂದ್ರಗಡದ ಸಂತೆಯಲ್ಲಿ ಕೊಂಡ ಹಳೆಯ ಪುಸ್ತಕದಿಂದ; ಅದರಲ್ಲಿ ಪ್ರತಿ ಪ್ರೋಗ್ರಾಮೂ ಮೊದಲಿದ್ದ ಅಕ್ಷರಗಳನ್ನೆಲ್ಲ ಅಳಿಸಿ ಪರದೆ ಒರೆಸುವ ಸಾಲಿನಿಂದ ಶುರುವಾಗುತ್ತದೆ. ಅಂಗಳ ಸಾರಿಸಿ ರಂಗೋಲಿ ಹಾಕಿದ ಹಾಗೆ ಅಂದುಕೊಂಡು ನಾನೂ ಹಾಗೇ ಬರೆದೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಒಪ್ಪಲಿಲ್ಲ. ಪರದೆ ತುಂಬ ಎರರ್.

"ಪುಸ್ತಕದಾಗ ಹಿಂಗ ಐತ್ರಿ ಸರ್," ಎಂದೆ.

ಕ್ಲಾಸಿನ ಮಾಲೀಕರು ಬಗ್ಗಿ ನೋಡಿದರು. "ಆ ಸಾಲು ಹಳೇ ಕಂಪೈಲರಿಗಷ್ಟ ತಿಳೀತದ ಅಕ್ಕಾರ. ಒಳಗ ಬರ್ರಿ."

ಒಳಕೋಣೆಯಲ್ಲಿ ಟವೆಲ್ ಹೊದಿಸಿದ ಹಳೆಯ ಕಂಪ್ಯೂಟರುಗಳಿದ್ದವು. ಒಂದರಲ್ಲಿ ಹಳೇ ಕಂಪೈಲರಿನ ನೀಲಿ ಪರದೆ ತೆರೆದು ಅದೇ ಪ್ರೋಗ್ರಾಂ ಬರೆಸಿದರು. ಓಡಿತು.

"ಪಾಠ ಎಲ್ಲಾ ಇದರಾಗ. ನಾವೂ ನಿಮ್ಮ ಪುಸ್ತಕನ ಹಿಡದೀವಿ," ಎಂದರು.

"ಮತ್ತ ಹೊರಗಿನ ಹೊಸಾವು ಯಾಕ್ರಿ?"

"ಅವು ಮಕ್ಕಳನ್ನ ಸೇರಸಾಕ ಬಂದ ಪಾಲಕರಿಗೆ ತೋರಸಾಕ. ನೀವು ಮುಟ್ಟಬ್ಯಾಡ್ರಿ. ಸೋಮವಾರದಿಂದ ಬರ್ರಿ."

ನಾನು ಹೂಂ ಎಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ನಾನು ಕಲಿಸುವುದು ಹೊಸ ಕಂಪ್ಯೂಟರುಗಳಲ್ಲಿ ಓಡುವುದೇ ಇಲ್ಲ.

ಈಗ ಹೊಸ ಕಂಪೈಲರಿಗೆ ಯಾವ ಪುಸ್ತಕ ಒಳ್ಳೆಯದು, ದಯವಿಟ್ಟು ಹೇಳಿ. ಕಲಿಸುವುದಕ್ಕೆ ಅದು ಬೇಕಾಗಿಲ್ಲ. ನನ್ನ ಹತ್ತಿರ ಕಲಿತ ಮಕ್ಕಳು ಊರು ದಾಟಿ ಹೋಗಿ ಎರರ್ ಕಂಡು ಫೋನು ಮಾಡಿದರೆ, ಉತ್ತರ ಕೊಡಲಿಕ್ಕಾದರೂ ಬೇಕಲ್ಲ.