ಗಾಳಿ ಬರುವ ಮೊದಲು ಎತ್ತಿಟ್ಟ ದಿಂಬುಗಳು

ಚಂಡಮಾರುತ ಬರುತ್ತದೆ ಅಂದರೆ ನೀವೇನು ಮಾಡುತ್ತೀರಿ? ನಾನು ಹೊರಗಿರುವುದನ್ನೆಲ್ಲ ಒಳಗೆ ತರುತ್ತೇನೆ.

ಯಾರೂ ಕಲಿಸಿದ್ದಲ್ಲ ಇದು. ಮಂಗಳೂರಿನ ಬಂದರಿನ ಹತ್ತಿರ ಹುಟ್ಟಿ ಬೆಳೆದವಳು ನಾನು. ಪಡುವಣದಲ್ಲಿ ಒಂದು ಮೋಡ ಕಪ್ಪಾದರೆ ಸಾಕು, ಅಂಗಳದ ಹಪ್ಪಳ, ಕೊಬ್ಬರಿ, ಹಗ್ಗದ ಮೇಲಿನ ಬಟ್ಟೆ, ಜಗಲಿಯ ಚಪ್ಪಲಿ ಎಲ್ಲವೂ ಐದು ನಿಮಿಷದಲ್ಲಿ ಒಳಗೆ ಸೇರಬೇಕು. ಕೊನೆಗೆ ಮಕ್ಕಳು. (ಹೌದು, ಹಪ್ಪಳದ ನಂತರವೇ. ಮಕ್ಕಳು ಒದ್ದೆಯಾದರೆ ಒಣಗುತ್ತಾರೆ.)

ಅದರ ಮೇಲೆ ಹತ್ತು ವರ್ಷದ ಕಾನ್ವೆಂಟ್. ನಮ್ಮ ಸಿಸ್ಟರ್‌ಗಳಿಗೆ ಟೈಡಿನೆಸ್ ಎಂದರೆ ಅರ್ಧ ಪ್ರಾರ್ಥನೆ. ಡೆಸ್ಕಿನ ಮೇಲೆ ಒಂದು ರಬ್ಬರ್ ಅನಾಥವಾಗಿ ಬಿದ್ದಿದ್ದರೂ ಅದರ ಒಡತಿಯನ್ನು ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸುತ್ತಿದ್ದರು.

ಹೀಗೆ ಬೆಳೆದವಳು ಹೋದ ಸೋಮವಾರ ಮಾಡಿದ ಕೆಲಸ ತಪ್ಪು ಅಂತ ಎಲ್ಲರೂ ಹೇಳುತ್ತಿದ್ದಾರೆ. ಇರಬಹುದು. ನೀವೇ ಕೇಳಿ.

ಐದು ವಾರದಿಂದ ಈ ಅಂಕಣ ಕತಾರ್‌ನಿಂದ ಬರುತ್ತಿದೆ ಎಂದು ನಿಮಗೆ ಗೊತ್ತು. ಮಗಳ ಮನೆಯಿಂದ ಬರುತ್ತಿದೆ ಎಂದು ನೀವು ಅಂದುಕೊಂಡಿರಿ, ನಾನೂ ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ನಾನು ಕೂತು ಬರೆಯುತ್ತಿರುವುದು ಒಂದು ಯಾಟ್‌ನಲ್ಲಿ. ದೋಹಾದ ಒಂದು ಮರೀನಾದಲ್ಲಿ, ಹಗ್ಗ ಕಟ್ಟಿ ನಿಲ್ಲಿಸಿದ ಬಿಳಿ ದೋಣಿಯಲ್ಲಿ, ಮೇಜಿನ ಮೇಲಿನ ಚಹಾ ತಾನೇ ತಾನಾಗಿ ಅಲುಗುವುದನ್ನು ನೋಡುತ್ತ.

ಶ್ರೀಮಂತರಾದೆವೇ? ಅಯ್ಯೋ ಇಲ್ಲ. ಮನೆ ಹೋಯಿತು, ಅಷ್ಟೆ. ಮಗಳು ಸ್ಮಿತಾ, ಅಳಿಯ ಪ್ರಶಾಂತ ಇಬ್ಬರಿಗೂ ಇಲ್ಲಿ ಆಫೀಸ್ ಕೆಲಸ. ಐನ್ ಖಾಲಿದ್‌ನಲ್ಲಿ ಒಳ್ಳೆಯ ಬಾಡಿಗೆ ಮನೆಯೇ ಇತ್ತು. ವಿಶ್ವಕಪ್ ಹತ್ತಿರ ಬಂತು. ಮಾಲೀಕರಿಗೆ ಫುಟ್‌ಬಾಲ್ ನೋಡಲು ಬರುವ ಅತಿಥಿಗಳು ಬೇಕಾದರು. ಖಲಾಸ್. ಊರೆಲ್ಲ ಹುಡುಕಿದರೂ ಖಾಲಿ ಮನೆಯಿಲ್ಲ. ಕೊನೆಗೆ ಪ್ರಶಾಂತನ ಆಫೀಸಿನ ದೊಡ್ಡ ಸಾಹೇಬರು (ಇಂಗ್ಲಿಷರು, ಗಲಾಟೆ ಎಂದರೆ ಆಗದವರು) ವಿಶ್ವಕಪ್ ಮುಗಿಯುವವರೆಗೆ ನಾನು ನನ್ನೂರಿನಲ್ಲಿರುತ್ತೇನೆ, ನನ್ನ ಯಾಟ್‌ನಲ್ಲಿ ನೀವಿದ್ದು ಅದನ್ನು ನೋಡಿಕೊಳ್ಳಿ ಎಂದರು. ಒಂದೇ ಕಂಡೀಷನ್. ಪ್ರತಿ ಗುರುವಾರ ಅದರ ನಾಲ್ಕೂ ಕಡೆಯ ಫೋಟೋ ಕಳಿಸಬೇಕು.

ಇನ್ನು ನಾನು ಯಾಕೆ ಬಂದೆ? ಸ್ಮಿತಾಗೆ ಈಗ ಏಳು ತಿಂಗಳು. ಮೊದಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗುವುದು ಪದ್ಧತಿ. ಅವಳಿಗೆ ಅಷ್ಟು ರಜೆ ಇಲ್ಲ. ಹಾಗಾಗಿ ತವರೇ ಎರಡು ಸೂಟ್‌ಕೇಸಿನಲ್ಲಿ ಬಂತು. ಬಾಣಂತಿ ಲೇಹ, ಓಮ, ಊರಿನ ತೆಂಗಿನೆಣ್ಣೆ, ಮೆತ್ತಗಾದ ಹಳೆಯ ಸೀರೆಗಳು, ಜೊತೆಗೆ ನಾನು.

ಯಾಟ್‌ನಲ್ಲಿ ಬಾಣಂತನ ಹೇಗೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು ಇಲ್ಲಿರುವ ಬಚ್ಚಲು ನಮ್ಮೂರಿನ ದೇವರ ಗೂಡಿಗಿಂತ ಸ್ವಲ್ಪ ದೊಡ್ಡದು.

ಇರುವುದು ಎರಡು ಕ್ಯಾಬಿನ್. ಗಂಡ ಹೆಂಡತಿ ಜಗಳ ಮಾಡಿದರೆ ಎದ್ದು ಹೋಗುವುದಕ್ಕೆ ಇನ್ನೊಂದು ಕೋಣೆಯಿಲ್ಲ. ಆದ್ದರಿಂದ ಇಬ್ಬರೂ ನನ್ನ ಮೂಲಕ ಮಾತಾಡುತ್ತಾರೆ. ಅವರಿಗೆ ಹೇಳಮ್ಮ ಅಂತ ಅವಳು. ಅವಳಿಗೆ ಹೇಳಿ ಅತ್ತೆ ಅಂತ ಅವನು. ನಾನು ನಡುವೆ ಕೂತು ಚಹಾ ಕುಡಿಯುತ್ತೇನೆ.

ಇನ್ನೊಂದು ವಿಷಯ ಹೇಳಿಬಿಡಬೇಕು. ನವೆಂಬರ್ ಬಂತೆಂದರೆ ವಿಸಿಟ್ ವೀಸಾದವರಿಗೆ ಈ ದೇಶದ ಬಾಗಿಲು ಬಂದ್. ಒಳಗಿದ್ದವರು ಇರಬಹುದು, ಹೊರಗೆ ಹೋದರೆ ವಿಶ್ವಕಪ್ ಮುಗಿಯುವವರೆಗೆ ಮರಳಿ ಬರುವಂತಿಲ್ಲ. ಮ್ಯಾಚ್ ಟಿಕೆಟ್ ಇದ್ದವರು ಬರಬಹುದಂತೆ. ಮೊಮ್ಮಗು ನೋಡುವವರಿಗೆ ಟಿಕೆಟ್ ಯಾವ ಕೌಂಟರಿನಲ್ಲಿ ಕೊಡುತ್ತಾರೆ? ಸ್ಮಿತಾಳ ಡೇಟ್ ಡಿಸೆಂಬರ್ ಎರಡನೇ ವಾರ. ನನ್ನ ರಿಟರ್ನ್ ಟಿಕೆಟ್ ಅಕ್ಟೋಬರ್ ಕೊನೆಗೆ, ಮುಂದೂಡಬೇಕು. ಯಾಟ್ ಬಿಡಬೇಕಾಗಿ ಬಂದರೆ ಮುಐದರ್‌ನಲ್ಲಿರುವ ಸ್ಮಿತಾಳ ಗೆಳತಿ ಒಂದು ರೂಮು ಕೊಡುತ್ತೇನೆ ಎಂದಿದ್ದಾಳೆ. ಇಬ್ಬರಿಗೆ ಮಾತ್ರ. ಅಂದರೆ ಯಾಟ್ ಹೋದರೆ ನಾನೂ ಹೋದೆ, ಬಾಣಂತನವೂ ಹೋಯಿತು.

ಇಷ್ಟು ತಿಳಿದಿರಲಿ. ಈಗ ಸೋಮವಾರಕ್ಕೆ ಬರೋಣ.

ಬೆಳಿಗ್ಗೆ ಸುರತ್ಕಲ್‌ನಿಂದ ತಂಗಿ ಸುಮತಿಯ ಫೋನು. ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಎದ್ದಿದೆ, ಟಿವಿಯಲ್ಲಿ ಕೆಂಪು ಚಕ್ರ ತಿರುಗುತ್ತಾ ಇದೆ, ಬೋಟಿನವರನ್ನೆಲ್ಲ ವಾಪಸ್ ಕರೆದಿದ್ದಾರೆ ಎಂದಳು. ಸ್ಮಿತಾಳ ಫೋನಿನಲ್ಲಿ ನೋಡಿದರೆ ದೋಹಾದ ಮೇಲೆ ನಗುವ ಸೂರ್ಯ. ಮರೀನಾದವರ ಮೆಸೇಜಿನಲ್ಲಿ ಮಧ್ಯಾಹ್ನ ಜೋರು ಗಾಳಿ. ಯಾವುದು ನಿಜ?

ಆಫೀಸಿಗೆ ಹೊರಟಿದ್ದ ಪ್ರಶಾಂತನನ್ನು ಕೇಳಿದೆ. (ಮನೆಯಲ್ಲಿ ನಮ್ಮದು ತುಳು. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

"ಇಲ್ಲಿಗೆ ಬರುದಿಲ್ಲ ಅತ್ತೆ. ಬಂದ್ರೂ ಬರೀ ಗಾಳಿ."

ಬರುವುದಿಲ್ಲ ಎಂದ ಮೇಲೆ ಬಂದರೂ ಅಂದರೇನು? ಕೇಳುವಷ್ಟರಲ್ಲಿ ಅವನು ಜೆಟ್ಟಿ ದಾಟಿದ್ದ. ಸ್ಮಿತಾ ಅವನ ಹಿಂದೆಯೇ, ಬೆನ್ನಿಗೆ ಕೈಕೊಟ್ಟುಕೊಂಡು.

ನನಗೋ ದಿಕ್ಕೇ ಗೊತ್ತಾಗುತ್ತಿಲ್ಲ. ನಮ್ಮೂರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಏಳುತ್ತಾನೆ. ಐದು ವಾರವಾದರೂ ಬೆಳಿಗ್ಗೆ ಎದ್ದು ಡೆಕ್ ಮೇಲೆ ನಿಂತರೆ ಸಂಜೆಯಾಯಿತೇನೋ ಅಂತ ಒಂದು ಕ್ಷಣ ಅನಿಸುತ್ತದೆ. ಹೀಗಿರುವಾಗ ಚಂಡಮಾರುತ ಬಂದರೂ ಎದುರಿನಿಂದ ಬರುತ್ತದೋ ಬೆನ್ನಿನಿಂದಲೋ? ಯಾವ ಕಡೆ ಮುಖ ಮಾಡಿ ಹೆದರುವುದು?

ಮರೀನಾದ ಮೆಸೇಜನ್ನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದೆ. ಡೆಕ್ ಮೇಲಿರುವ ಎಲ್ಲ ಲೂಸ್ ಐಟಂಗಳನ್ನು ಒಳಗಿಡಿ. ಇಷ್ಟು ಸ್ಪಷ್ಟವಾದ ಇಂಗ್ಲಿಷ್ ಕಾನ್ವೆಂಟ್ ಬಿಟ್ಟ ಮೇಲೆ ನಾನು ಓದಿರಲಿಲ್ಲ.

ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಎರಡು ಮಡಚುವ ಕುರ್ಚಿ ಒಳಗೆ. ತುಳಸಿಯ ಕುಂಡ ಒಳಗೆ. ಒಣಹಾಕಿದ ಸ್ಮಿತಾಳ ಬಟ್ಟೆ, ಕಾಲೊರಸುವ ಮ್ಯಾಟ್, ಪ್ರಶಾಂತನ ಶೂ. ಆಮೇಲೆ ಕಣ್ಣಿಗೆ ಬಿದ್ದವು ಲೋಡು ದಿಂಬುಗಳು.

ಹೌದು, ಲೋಡು ದಿಂಬು. ಅಥವಾ ಹಾಗೆಯೇ ಕಾಣುವ ಉದ್ದ ಉರುಟು ವಸ್ತುಗಳು. ಯಾಟ್‌ನ ಎರಡೂ ಪಕ್ಕದಲ್ಲಿ ಮೂರು ಮೂರರಂತೆ, ರೇಲಿಂಗಿನಿಂದ ಹಗ್ಗದಲ್ಲಿ ಹೊರಗೆ ನೇತಾಡುತ್ತಿದ್ದವು. ನೀಲಿ ಬಟ್ಟೆಯ ಕವರು, ಅದರ ಮೇಲೆ ಉಪ್ಪು, ಹಕ್ಕಿಯ ಹಿಕ್ಕೆ. ಇಷ್ಟು ಒಳ್ಳೆಯ ದಿಂಬನ್ನು ಯಾರಾದರೂ ಹೊರಗೆ ನೇತುಹಾಕುತ್ತಾರಾ? ಗಂಡಸರು ಇರುವ ಮನೆ ಎಂದುಕೊಂಡೆ.

ಗಂಟು ನೋಡಿದರೆ ನನಗೆ ಗೊತ್ತಿರುವುದೇ! ಕ್ಲೋವ್ ಹಿಚ್. ಶಾಲೆಯ ಗೈಡ್ಸ್ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಕಟ್ಟಿ ಬ್ಯಾಡ್ಜ್ ತೆಗೆದುಕೊಂಡವಳು ನಾನು. ಅಷ್ಟು ವರ್ಷದ ಹಿಂದಿನ ಗಂಟು ಬೆರಳಿಗೆ ಸಿಕ್ಕಿದ್ದೇ ತಡ, ಖುಷಿಗೆ ಆರನ್ನೂ ಬಿಚ್ಚಿದೆ. ಕವರು ತೆಗೆದು ಸೋಪು ಹಾಕಿ ತಿಕ್ಕಿದೆ. ದಿಂಬುಗಳನ್ನೂ ತೊಳೆದು ಬಚ್ಚಲಿನಲ್ಲಿ ಸಾಲಾಗಿ ನಿಲ್ಲಿಸಿದೆ, ಬೆಳಗಿನ ಅಸೆಂಬ್ಲಿಗೆ ನಿಲ್ಲಿಸಿದ ಹಾಗೆ. ಡೆಕ್ ಬೋಳಾಯಿತು. ಸಿಸ್ಟರ್ ಯಾರಾದರೂ ನೋಡಿದ್ದರೆ ವೆರಿ ಗುಡ್ ಎನ್ನುತ್ತಿದ್ದರು.

ಊಟವಾಗಿ ಅರ್ಧ ಗಂಟೆಗೆ ಗಾಳಿ ಎದ್ದಿತು. ಮಳೆಯಿಲ್ಲ, ಮೋಡವಿಲ್ಲ. ಆಕಾಶವೆಲ್ಲ ಗೋಧಿ ಹಿಟ್ಟಿನ ಬಣ್ಣ. ಎದುರಿನ ಟವರುಗಳು ಒಂದೊಂದಾಗಿ ಅಳಿಸಿಹೋದವು. ಯಾಟ್ ಮೊದಲು ತೂಗಿತು. ಆಮೇಲೆ ಬಡಿಯತೊಡಗಿತು. ಧಡ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಧಡ್, ಅದರ ಹಿಂದೆಯೇ ಹಲ್ಲು ಜುಮ್ಮೆನ್ನುವಂಥ ಉಜ್ಜುವ ಸದ್ದು.

ಚಂಡಮಾರುತ ಬಂದೇ ಬಂತು ಅಂತ ಸುಮತಿಗೆ ಫೋನು ಮಾಡಿದೆ. ಅವಳೋ ನಿರಾಳವಾಗಿ ಸಂಜೆಯ ಕಾಫಿಗೆ ಕೂತಿದ್ದಳು. ಸೈಕ್ಲೋನ್ ತಿರುಗಿ ದೂರ ಹೋಯಿತಂತೆ, ಕಡಲಲ್ಲೇ ಬಲ ಕಳೆದುಕೊಳ್ಳುತ್ತದಂತೆ.

"ಹಾಗಾದ್ರೆ ಇಲ್ಲಿ ಬಡೀತಾ ಇರುದು ಎಂತದು?"

"ನನಗೆಂತ ಗೊತ್ತು ಅಕ್ಕ? ನಿನ್ನ ಕಿಟಕಿ ನೀನೇ ನೋಡು."

ನೋಡಿದೆ. ಕಿಟಕಿಯಾಚೆ ಬಶೀರ್ ಓಡಿ ಬರುತ್ತಿದ್ದ. ಮರೀನಾದಲ್ಲಿ ಹಗ್ಗ ನೋಡಿಕೊಳ್ಳುವ ಕೆಲಸದವನು, ಕಾಸರಗೋಡಿನವನು. ಕನ್ನಡ ಕೇಳಿದ ದಿನದಿಂದ ನನ್ನನ್ನು ಅಮ್ಮ ಎಂದು ಕರೆಯುತ್ತಾನೆ. ಜೆಟ್ಟಿಯ ಮೇಲೆ ಕೂತು ಎರಡೂ ಕಾಲಿನಿಂದ ಯಾಟನ್ನು ಒದ್ದು ಹಿಡಿದ.

"ಅಮ್ಮ, ಫೆಂಡರ್ ಎಲ್ಲಿ?"

"ಎಂತ ಫೆಂಡರ್?"

ಒಂದು ಕೈ ಬಿಟ್ಟು ಗಾಳಿಯಲ್ಲಿ ದಿಂಬಿನ ಆಕಾರ ಬರೆದು ತೋರಿಸಿದ.

"ಅದಾ? ಬಾತ್‌ರೂಮಲ್ಲಿ ಉಂಟು. ತೊಳೆದಿಟ್ಟಿದ್ದೇನೆ."

ಬಶೀರ್ ನನ್ನನ್ನೇ ನೋಡಿದ. ಬಯ್ಯಲಿಲ್ಲ. ನಗಲೂ ಇಲ್ಲ. "ಯಲ್ಲಾ, ಬೇಗ ತನ್ನಿ ಅಮ್ಮ" ಎಂದ, ಇಲ್ಲಿಯ ಅರಬಿ ಬೆರೆಸಿ.

ಒದ್ದೆ ದಿಂಬುಗಳನ್ನು ಒಂದೊಂದಾಗಿ ತಬ್ಬಿಕೊಂಡು ಹೊರಗೆ ತಂದೆ. ಅವನ ಕೈಕಾಲು ಯಾಟ್ ಹಿಡಿಯುವುದರಲ್ಲೇ ಇತ್ತು. ಕಟ್ಟಬೇಕಾದವಳು ನಾನೇ. ಕಣ್ಣಿನ ತುಂಬ ಮರಳು, ಬಾಯಿಯ ತುಂಬ ಮರಳು. ಒಂದು ಸುತ್ತು, ಅದರ ಮೇಲೆ ದಾಟಿಸಿ ಇನ್ನೊಂದು ಸುತ್ತು, ತುದಿ ಅಡಿಯಲ್ಲಿ. ಕಣ್ಣು ಮುಚ್ಚಿ ಕಲಿತದ್ದು ಕಡೆಗೂ ಒಂದು ದಿನ ಕೆಲಸಕ್ಕೆ ಬಂತು. ಮೂರನೆಯದು ಕಟ್ಟುವಷ್ಟರಲ್ಲಿ ಸದ್ದು ನಿಂತಿತು. ಬಶೀರ್ ಒಂದು ಗಂಟನ್ನು ಎಳೆದು ನೋಡಿದ, ಮತ್ತೆ ಮುಟ್ಟಲಿಲ್ಲ.

"ಊರಲ್ಲಿ ಬೋಟಿಗೆ ಹಳೇ ಟಯರ್ ಕಟ್ಟುದು ನೋಡ್ಲಿಲ್ವಾ ಅಮ್ಮ? ಇದೂ ಅದೇ. ದಕ್ಕೆಗೆ ತಾಗದ ಹಾಗೆ."

ನೋಡಿದ್ದೆ. ಕಾನ್ವೆಂಟಿಗೆ ಹೋಗುವಾಗ, ಬರುವಾಗ, ಹತ್ತು ವರ್ಷ ದಿನಕ್ಕೆರಡು ಸಲ ದಕ್ಕೆಯ ಕಟ್ಟೆಗೆ ಒರಗಿ ನಿಂತ ಬೋಟುಗಳ ಪಕ್ಕದಲ್ಲಿ ನೇತಾಡುವ ಆ ಟಯರುಗಳನ್ನು ನೋಡಿದ್ದೆ. ಅವು ಯಾಕಿವೆ ಎಂದು ಒಂದು ದಿನವೂ ಕೇಳಿರಲಿಲ್ಲ. ಒಂದಿಷ್ಟು ಹಳೆಯ ಸಾಮಾನು, ಎಸೆಯಲು ಮನಸ್ಸಿಲ್ಲದೆ ಕಟ್ಟಿಕೊಂಡಿದ್ದಾರೆ ಎಂದುಕೊಂಡಿದ್ದೆ. ಸಿಸ್ಟರ್‌ಗಳು ನಮಗೆ ಥೇಮ್ಸ್ ನದಿಯ ಸೇತುವೆಗಳ ಹೆಸರು ಕಲಿಸಿದ್ದರು.

ಸಂಜೆ ಗಾಳಿ ಇಳಿದ ಮೇಲೆ ಆಫೀಸಿನಿಂದ ಬಂದ ಮಗಳು ಅಳಿಯ ಟಾರ್ಚ್ ಹಿಡಿದು ನೋಡಿದರು. ಬಿಳಿ ಮೈಯ ಮೇಲೆ ಒಂದು ಕಪ್ಪು ಗೀರು. ಸೌಟಿನಷ್ಟು ಉದ್ದ. ಪ್ರಶಾಂತ ಬೆರಳಿನಿಂದ ಉಜ್ಜಿದ. ಹೋಗಲಿಲ್ಲ.

"ಅಮ್ಮನಿಗೆ ಮೊದ್ಲೇ ಹೇಳ್ಬೇಕಿತ್ತಲ್ಲಾ ನೀವು" ಎಂದಳು ಸ್ಮಿತಾ. ಆ ದಿನ ನನ್ನ ಮೂಲಕ ಅಲ್ಲ, ನೇರವಾಗಿಯೇ.

"ಫೆಂಡರ್ ಬಿಚ್ಚಬೇಡಿ ಅಂತ ಲೋಕದಲ್ಲಿ ಯಾರಾದ್ರೂ ಯಾರಿಗಾದ್ರೂ ಹೇಳ್ತಾರಾ ಮಾರಾಯ್ತಿ?"

ಅವನು ಹೇಳಿದ್ದೂ ಸರಿಯೇ. ಅವಳು ಹೇಳಿದ್ದೂ ಸರಿಯೇ. ಇಬ್ಬರೂ ಸರಿ ಇರುವಾಗ ತಪ್ಪಿದವರು ಯಾರು ಅಂತ ನೀವು ಹೇಳಬೇಕಾಗಿಲ್ಲ.

ಗುರುವಾರದ ಫೋಟೋಕ್ಕೆ ಮೂರೇ ದಿನ. ಆ ಕಡೆಯಿಂದ ತೆಗೆಯುವುದು ಬೇಡ, ದೂರದಿಂದ ತೆಗೆದರೆ ಕಾಣುವುದಿಲ್ಲ, ಟವೆಲ್ ನೇತುಹಾಕಿದರೆ ಹೇಗೆ ಎಂದೆಲ್ಲ ಅವರಿಬ್ಬರೂ ಯೋಚಿಸಿದರು. ನನಗದು ಒಗ್ಗಲಿಲ್ಲ. ಸಾಹೇಬರಿಗೆ ನಾನೇ ಲೆಟರ್ ಬರೆಯುತ್ತೇನೆ ಎಂದೆ. ಈ ಕಾಲದಲ್ಲಿ ಲೆಟರಾ ಅಂತ ಸ್ಮಿತಾ ನಕ್ಕಳು. ವಾಟ್ಸಾಪಿನಲ್ಲಿಯೇ ಬರೆದೆ, ಆದರೆ ಲೆಟರ್ ಲೆಟರೇ. ಡಿಯರ್ ಸರ್‌ನಿಂದ ಯುವರ್ಸ್ ಸಿನ್ಸಿಯರ್ಲಿವರೆಗೆ, ಪ್ಯಾರಾ ಬಿಟ್ಟು. ಹಪ್ಪಳದ ವಿಷಯ ಬರೆದೆ. ಲೂಸ್ ಐಟಂ ವಿಷಯ ಬರೆದೆ. ಅಳಿಯನದೇನೂ ತಪ್ಪಿಲ್ಲ, ಗೀರು ನನ್ನದು ಎಂದು ಬರೆದೆ. ಡಿಸೆಂಬರಿನಲ್ಲಿ ಮಗು ಹುಟ್ಟಲಿದೆ, ಅಲ್ಲಿಯವರೆಗೆ ನಾವು ಇಲ್ಲಿರಬಹುದೇ ಎಂಬ ಸಾಲನ್ನು ಎರಡು ಸಲ ಅಳಿಸಿ ಮೂರನೇ ಸಲ ಹಾಗೆಯೇ ಬಿಟ್ಟೆ. ಗೀರಿನ ಫೋಟೋವನ್ನು ಹತ್ತಿರದಿಂದಲೇ ತೆಗೆಸಿ ಗುರುವಾರ ಪ್ರಶಾಂತನ ಫೋನಿನಿಂದ ಕಳಿಸಿದೆ.

ಎರಡು ದಿನ ಏನೂ ಇಲ್ಲ. ನಾನು ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದೆ. ಮತ್ತೆ ತಳ್ಳಿದೆ. ಲೇಹದ ಬಾಟಲಿ ಎಲ್ಲಿಡಬೇಕು? ಮುಐದರ್‌ಗೆ ಹೋಗುವ ಡಬ್ಬದಲ್ಲೋ, ಇಲ್ಲೇ ಅಲಮಾರಿನಲ್ಲೋ? ಎಷ್ಟು ದಿನಕ್ಕೆ ಎಷ್ಟು ಚಮಚ ಎಂದು ಒಂದು ಚೀಟಿ ಬರೆದು ಬಾಟಲಿಗೆ ಅಂಟಿಸಿದೆ. ಸ್ಮಿತಾ ಅದನ್ನು ಓದಿದಳು. ಓದಿ, ಕಿತ್ತು, ಡಸ್ಟ್‌ಬಿನ್ನಿಗೆ ಹಾಕಿದಳು. "ನೀನೇ ಕೊಡು" ಎಂದಳು.

ಶನಿವಾರ ಸಾಹೇಬರ ಉತ್ತರ ಬಂತು. ಮೂರು ತಲೆ ಒಂದು ಫೋನಿನ ಮೇಲೆ ಬಗ್ಗಿದವು.

ಒಂದು ಹೆಬ್ಬೆರಳು.

ಅಷ್ಟೇ. ಹಳದಿ ಬಣ್ಣದ ಒಂದು ಹೆಬ್ಬೆರಳು, ಮೇಲಕ್ಕೆ ನಿಂತದ್ದು. ಒಂದು ಅಕ್ಷರವಿಲ್ಲ, ಒಂದು ಫುಲ್‌ಸ್ಟಾಪ್ ಇಲ್ಲ. ಎರಡು ಪುಟದ ನನ್ನ ಇಂಗ್ಲಿಷಿಗೆ!

ಆಗಬಹುದು, ಇರಿ ಅಂತ ಅರ್ಥ ಎಂದಳು ಸ್ಮಿತಾ. ನೋಡಿದೆ ಅಂತ ಮಾತ್ರ ಅರ್ಥ, ಆಫೀಸಿನಲ್ಲಿ ಎಲ್ಲದಕ್ಕೂ ಅವರು ಹಾಕುವುದು ಅದನ್ನೇ ಎಂದ ಪ್ರಶಾಂತ. ಹಾಗಾದರೆ ಕೇಳಿಯೇ ಬಿಡೋಣ ಎಂದೆ. ಕೇಳಿದರೆ ಹೋಗಿ ಎಂದೂ ಹೇಳಬಹುದಲ್ಲ ಎಂದರು ಇಬ್ಬರೂ ಒಟ್ಟಿಗೆ.

ನಿನ್ನೆ ಆಫೀಸಿನಿಂದ ಬಂದ ಪ್ರಶಾಂತ ಚೀಲ ಇಳಿಸುತ್ತ ನನ್ನ ಕಡೆ ನೋಡದೆ ಹೇಳಿದ. "ಅತ್ತೆ, ನಿಮ್ಮ ಟಿಕೆಟ್ ಜನವರಿಗೆ ಹಾಕ್ಸಿದ್ದೇನೆ. ಅವಳಿಗೆ ಹೇಳಿ."

"ಸಾಹೇಬರು ಬಿಡಿ ಅಂದ್ರೆ?"

"ಆಗ ಮೂರೂ ಜನ ಒಟ್ಟಿಗೆ ಹೊರಗೆ. ಜಾಗ ಆಗ ಹುಡುಕುವ."

ಸ್ಮಿತಾ ಎದುರಿಗೇ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಆದರೂ ಹೇಳಿದೆ. ಆಯ್ತು ಅಂತ ಹೇಳಮ್ಮ ಎಂದಳು. ಅದನ್ನೂ ಹೇಳಿದೆ.

ಈಗ ಇದನ್ನು ಬರೆಯುತ್ತಿರುವಾಗ ಮರೀನಾದ ಮೆಸೇಜ್ ಮತ್ತೆ ಬಂದಿದೆ. ನಾಳೆ ಗಾಳಿಯಂತೆ. ಕುರ್ಚಿ, ತುಳಸಿ, ಬಟ್ಟೆ ಒಳಗೆ ತಂದೆ. ದಿಂಬುಗಳ ಗಂಟನ್ನು ಎಳೆದು ನೋಡಿ ಬಂದೆ, ಆರೂ ಗಟ್ಟಿಯಾಗಿವೆ. ಸೂಟ್‌ಕೇಸು ಮಾತ್ರ ಇನ್ನೂ ಅರ್ಧ ತೆರೆದೇ ಇದೆ. ನಿಮ್ಮಲ್ಲಿ ಯಾರಿಗಾದರೂ ಇಂಗ್ಲಿಷರ ಹೆಬ್ಬೆರಳಿನ ಅರ್ಥ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.

ಮಗು ಹುಟ್ಟುವುದರೊಳಗೆ ಆದರೆ ಒಳ್ಳೆಯದು.