ಹಮಾಲಿ ಜಗನ್ ಮತ್ತು ಗೋಧಿಯ ಪರೀಕ್ಷೆ

ಯಶವಂತಪುರದ ದಿನಸಿ ಮಂಡಿಯ ಯಾರ್ಡಿನಲ್ಲಿ ಮೂಟೆ ಹೊರುವ ಜಗನ್‌ಗೆ ಮಾತಿಗಿಂತ ಕೈ ಮುಂದು. ಲಾರಿ ಚಾಲಕನೊಬ್ಬನ ಹಲ್ಲು ಉದುರಿಸಿದ್ದು, ಗುಮಾಸ್ತನನ್ನು ಮೆಣಸಿನಕಾಯಿ ರಾಶಿಗೆ ತಳ್ಳಿದ್ದು ಅಲ್ಲಿ ಎಲ್ಲರಿಗೂ ಗೊತ್ತು. ಅಂಥವನು ಎರಡು ವರ್ಷದಿಂದ ಭೇದಿ, ಹೊಟ್ಟೆಯುಬ್ಬರ ಎಂದು ಸೊರಗುತ್ತ ಬಂದ. ಮೂಟೆ ಹೆಗಲೇರಿದರೆ ಕಾಲು ನಡುಗುತ್ತಿತ್ತು.

ಜೊತೆಯ ಹಮಾಲಿ ನಿರಂಜನ್ ಬಿಡುತ್ತಿರಲಿಲ್ಲ. "ಏನ್ ಗುರು, ಲಾರಿ ಬಂದ್ ತಕ್ಷಣ ಹೊಟ್ಟೆನೋವಾ? ನಾಟಕ ಕಂಪನಿ ಸೇರ್ಕೋ ಹೋಗು."

ವೈದ್ಯೆಯೊಬ್ಬರು ಸೀಲಿಯಾಕ್ ಇರಬಹುದು, ಗೋಧಿ ತಿಂದರೆ ಕರುಳು ಹಾಳಾಗುವ ಕಾಯಿಲೆ ಎಂದು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಅಲ್ಲಿಯವರೆಗೆ ಊಟ ಬದಲಿಸಬೇಡಿ ಎಂದೂ ಹೇಳಿದರು. ಮಾಕಳಿ ಊರಿನ ಮನೆಯಲ್ಲಿ ಅವನ ಅಕ್ಕ ಮಾರಕ್ಕ ಒಪ್ಪಲಿಲ್ಲ.

"ಮೊದ್ಲು ಪಥ್ಯ, ಆಮೇಲೆ ಡಾಕ್ಟ್ರು. ಒಂದು ಮಂಡಲ ಗೋಧಿ ಮುಟ್ಬೇಡ, ನಾನ್ ಏಳ್ತಿವ್ನಿ ಕೇಳು."

ನಲವತ್ತೆಂಟು ದಿನ ಮುದ್ದೆ, ಅನ್ನ, ಸೊಪ್ಪಿನ ಸಾರು. ಹೊಟ್ಟೆ ತಣ್ಣಗಾಯಿತು. ಮರುದಿನ ಪರೀಕ್ಷೆಗೆ ರಕ್ತ ಕೊಟ್ಟ. ವರದಿಯಲ್ಲಿ ಕಾಯಿಲೆ ಕಾಣಲಿಲ್ಲ. ಮತ್ತೆ ಗೋಧಿ ಪರೋಟ ತಿಂದ, ವಾರದೊಳಗೆ ಹಾಸಿಗೆ ಹಿಡಿದ.

ಕೆಲಸಕ್ಕೆ ಮರಳಿದ ದಿನ ನಿರಂಜನ್ ಆ ವರದಿಯನ್ನು ಅವನ ಜೇಬಿನಿಂದ ಕಿತ್ತು, ಮೂಟೆಯ ಮೇಲೆ ನಿಂತು ಕೂಗಿದ: "ನೆಗೆಟಿವ್ ಕಣ್ರೋ! ಸರ್ಟಿಫಿಕೇಟ್ ಸಮೇತ ಸೋಮಾರಿ!"

ಜಗನ್ ಮೂಟೆ ಎಳೆಯುವ ಕೊಕ್ಕೆ ಬೀಸಿದ. ನಿರಂಜನ್‌ನ ಹೆಗಲು ಸೀಳಿ ರಕ್ತ ಚಿಮ್ಮಿತು. ಉಳಿದವರು ಜಗನ್‌ನನ್ನು ನೆಲಕ್ಕೆ ಕೆಡವಿ ಮೂಗು ಒಡೆದರು.

ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡೇ ಅವನು ವೈದ್ಯೆಯ ಬಳಿ ಹೋದ. ಪಥ್ಯದ ವಿಷಯ ಕೇಳಿ ಅವರು ತಲೆ ಚಚ್ಚಿಕೊಂಡರು. "ಗೋಧಿ ಬಿಟ್ರೆ ರಕ್ತದಲ್ಲಿ ಸುಳಿವೇ ಸಿಗಲ್ಲ. ಆರು ವಾರ ದಿನಾ ತಿಂದು ಬನ್ನಿ. ರಕ್ತ ನೋಡಿ, ಕರುಳಿನ ಚೂರು ತೆಗೆದು ಪರೀಕ್ಷೆ ಮಾಡೋಣ."

ಮಾರಕ್ಕ ಅವನ ತಟ್ಟೆಯ ಚಪಾತಿಯನ್ನು ಚರಂಡಿಗೆಸೆದು ಲಟ್ಟಣಿಗೆ ಎತ್ತಿದಳು. "ಇಂಗೆ ತಿಂದ್ರೆ ಒಟ್ಟೆ ಒಡ್ದು ಸಾಯ್ತೀಯ ಕಣೋ!"

"ಸೋಮಾರಿ ಅನ್ನಿಸ್ಕೊಂಡು ಬದ್ಕೋದಕ್ಕಿಂತ ವಾಸಿ ಕಣಕ್ಕ."

ಹೆಗಲಿಗೆ ಹೊಲಿಗೆ ಬಿದ್ದ ನಿರಂಜನ್ ಸಂಗತಿ ತಿಳಿದು ಸವಾಲು ಹಾಕಿದ: "ನನ್ನೆದುರೇ ತಿನ್ನು, ನೋಡ್ತೀನಿ." ದಿನವೂ ಮಧ್ಯಾಹ್ನ ಹೋಟೆಲಿನಲ್ಲಿ ಎದುರಿಗೆ ಕುಳಿತು ನೋಡಿದ. ಎರಡನೆಯ ವಾರ ಜಗನ್ ತಿಂದದ್ದನ್ನೆಲ್ಲ ಕಕ್ಕಿದ. ನಾಲ್ಕನೆಯ ವಾರ ಮೂಟೆಯ ಕೆಳಗೇ ಕುಸಿದ. "ಏಳೋ ನಾಟಕದವ್ನೇ" ಎಂದು ಒಬ್ಬ ಪಕ್ಕೆಗೆ ಒದ್ದ. ನಿರಂಜನ್ ಒದ್ದವನ ಕೂದಲು ಹಿಡಿದು ತಲೆಯನ್ನು ಅಂಗಡಿಯ ಷಟರ್‌ಗೆ ಅಪ್ಪಳಿಸಿದ.

"ಇವನ್ನ ಮುಟ್ಟಿದ್ರೆ ಕೈ ಮುರೀತೀನಿ. ತಿಂದಿದ್ದು, ಕಕ್ಕಿದ್ದು ಎಲ್ಲಾ ನಾನ್ ನೋಡಿದ್ದೀನಿ."

ಆರು ವಾರ ಕಳೆಯಿತು. ಎರಡೂ ಪರೀಕ್ಷೆಗಳು ಒಂದೇ ಮಾತು ಹೇಳಿದವು: ಸೀಲಿಯಾಕ್. ವರದಿಯನ್ನು ಜಗನ್ ನಿರಂಜನ್‌ನ ಕೈಗೆ ತುರುಕಿದ. ಅವನು ಓದಿ ತಲೆಯೆತ್ತುವಷ್ಟರಲ್ಲಿ ಜಗನ್ ಅವನ ಮುಖಕ್ಕೆ ಗುದ್ದಿದ. ತುಟಿ ಒಡೆಯಿತು. ನಿರಂಜನ್ ಕೈ ಎತ್ತಲಿಲ್ಲ.

"ಇನ್ನೊಂದು ಹೊಡಿ ಮಗಾ."

ಎರಡನೆಯ ಏಟಿಗೆ ಜಗನ್‌ನ ತೋಳು ಏಳಲಿಲ್ಲ. ನಿರಂಜನ್ ರಕ್ತ ಉಗುಳಿ ಅವನ ರಟ್ಟೆ ಹಿಡಿದ.

"ಊಟ ಆಯ್ತಾ?"

"ಇಲ್ಲ."

"ನಡಿ, ಅನ್ನ ತಿನ್ನುವಂತೆ."