ಮೊದಲು ಕಡ್ಡಿ ಗೀರಿದವರು

ನಮ್ಮೂರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವಳು ನಾನು. ಕಾಗವಾಡದ ರಸ್ತೆಗೆ ಹತ್ತಿಕೊಂಡಂತೆ ಒಂದೇ ಕೋಣೆ, ಒಂದು ತಕ್ಕಡಿ, ಒಂದು ಮಷೀನು. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲುಗಟ್ಟಿದವರು ತಮ್ಮ ಪಾಳಿ ಬರುವ ತನಕ ಸುಮ್ಮನಿರುವ ಪೈಕಿಯವರಲ್ಲ. ಮಳೆ, ಮದುವೆ, ಸಕ್ಕರೆ ಕಾರ್ಖಾನೆ, ಸರ್ಕಾರ ಎಲ್ಲವನ್ನೂ ಅಲ್ಲೇ ನ್ಯಾಯಕ್ಕೆ ಎಳೆಯುತ್ತಾರೆ. ಹಾಲಿಗೆ ನೀರು ಬೆರೆಸಿ ತಂದವರನ್ನು ನಾನು ಮುಖ ನೋಡಿಯೇ ಹಿಡಿಯುತ್ತೇನೆ. ಹಾಗಾಗಿ ನನ್ನೆದುರು ಜಂಬ ಕೊಚ್ಚುವಾಗ ಎಲ್ಲರೂ ಸ್ವಲ್ಪ ಹುಷಾರಾಗಿರುತ್ತಾರೆ.

ಆ ವಾರ ಸಾಲಿನಲ್ಲಿ ಇದ್ದದ್ದು ಒಂದೇ ಮಾತು. ಇರಾನ್ ಅಣುಬಾಂಬ್ ಮಾಡಲು ಹೊರಟಿದೆಯಂತೆ. ಅದರ ವೈರಿಗಳು ಮೊದಲೇ ಹೋಗಿ ಹೊಡೆಯಬೇಕೋ, ಕೂತು ಮಾತಾಡಬೇಕೋ. ಟೀವಿಯವರು ಕೂಗಾಡಿದ್ದನ್ನೆಲ್ಲ ನಮ್ಮವರು ಬಿಸಿ ಆರುವ ಮೊದಲೇ ಡೈರಿಗೆ ತರುತ್ತಿದ್ದರು. ಯುರೇನಿಯಂ ಅನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಆದರೂ ಅದನ್ನು ಎಷ್ಟು ಹದ ಮಾಡಿದರೆ ಬಾಂಬ್ ಆಗುತ್ತದೆ ಎಂಬುದನ್ನು ಬೆಲ್ಲದ ಪಾಕ ನೋಡಿದಷ್ಟೇ ಖಚಿತವಾಗಿ ಹೇಳುತ್ತಿದ್ದರು.

ಎಲ್ಲರಿಗಿಂತ ಜೋರು ದನಿ ನನ್ನ ಮೈದುನನದು. ನನ್ನ ಗಂಡನ ಚಿಕ್ಕಪ್ಪನ ಮಗ, ಎರಡು ಟ್ರ್ಯಾಕ್ಟರ್ ಇಟ್ಟವನು, ಟ್ರ್ಯಾಕ್ಟರಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ಆಗಿದೆ.

"ಬಾಂಬ್ ಕೈಗೆ ಬಂದ ಮ್ಯಾಲ ಏನ್ ಮಾತಾಡ್ತೀರಿ? ಮೊದಲ ಹೊಡದ ಬಿಡಬೇಕ್. ಮಾತು ಆಮ್ಯಾಲ," ಎಂದ.

ಅವನ ಹಿಂದೆ ನಿಂತಿದ್ದ ನಿವೃತ್ತ ಗುರುಗಳು ಬಿಡುವವರಲ್ಲ. "ಹೊಡದ ಮ್ಯಾಲ ಮಾತಾಡಾಕ ಯಾರ್ ಉಳಿತಾರಪಾ? ಖರೇನ ಬಾಂಬ್ ಮಾಡಾಕತ್ತಾರೋ ಇಲ್ಲೋ, ಮೊದಲ ಒಳಗ ಹೋಗಿ ನೋಡ್ಲಿ. ಕರೆಂಟ್ ಮಾಡಾಕೂ ಅದ ಬೇಕಾಕ್ಕೈತಿ."

"ನೋಡ್ಕೋತ ಕುಂತಿದ್ದಕ್ಕ ನಮ್ಮ ಬಾಜೂದವ್ರೂ ಮಾಡ್ಕೊಂಡ್ ಕುಂತಾರ್ರಿ ಗುರುಗಳ."

ಸಾಲಿಗೆ ಸಾಲೇ ಹೌದು ಹೌದು ಎಂದಿತು. ಎರಡು ದಿನ ನಾನು ಬಾಯಿ ಹಾಕಲಿಲ್ಲ. ಮೂರನೆಯ ದಿನ ಮೈದುನ ಇರಾನನ್ನು ಬಿಟ್ಟು ನಮ್ಮ ಹೊಲಕ್ಕೇ ಬಂದ.

"ಅಷ್ಟ ದೂರ ಯಾಕ್ರಿ? ನಮ್ಮ ಮನಿದ ನೋಡ್ರಿ. ಕಾಕಾ ರವದಿಗೆ ಬೆಂಕಿ ಹಚ್ತಾನಂತ ನಮ್ಮ ದೊಡ್ಡಪ್ಪಗ ಮೊದಲ ಗೊತ್ತಿತ್ತ. ಗೊತ್ತಿದ್ದೂ ಸುಮ್ನ ಕುಂತ. ಏನಾತು? ಎಲ್ಲಾರ ಕಬ್ಬೂ ಸುಟ್ಟು ಹೋತು."

ಅವನ ದೊಡ್ಡಪ್ಪ ಎಂದರೆ ನನ್ನ ಮಾವ. ಅವನು ಹೇಳಿದ ಕಾಕಾ ನಮ್ಮ ಪಕ್ಕದ ಹೊಲದವರು. ಊರಿಗೆಲ್ಲ ಕಾಕಾ. ಆ ಹೊತ್ತಿಗೆ ಅವರು ಸಾಲಿನ ಕೊನೆಯಲ್ಲೇ ನಿಂತಿದ್ದರು, ಕೈಯಲ್ಲಿ ಐದು ಲೀಟರಿನ ಕ್ಯಾನು. ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಆ ಬೆಂಕಿಯ ಮಾತು ಬಂದಾಗಲೆಲ್ಲ ಅವರು ಹೀಗೇ ನೆಲ ನೋಡುತ್ತಾರೆ.

ಬೆಂಕಿಯ ಸಂಗತಿ ಹೇಳಬೇಕಾದರೆ ನಮ್ಮ ಕಡೆಯ ರೂಢಿಯನ್ನು ಹೇಳಬೇಕು. ಕಬ್ಬು ಕಡಿದ ಮೇಲೆ ಹೊಲದ ತುಂಬ ಒಣಗಿದ ಎಲೆ ಉಳಿಯುತ್ತದೆ, ಅದೇ ರವದಿ. ಅದನ್ನು ಸುಡುವ ಮುಂಚಿನ ದಿನ ಅಕ್ಕಪಕ್ಕದ ಹೊಲದವರ ಮನೆಗೆ ಹೋಗಿ ಕರೆಯಬೇಕು. ಸುಡುವ ದಿನ ಅವರೆಲ್ಲ ಹಸಿ ಗೋಣಿಚೀಲ ಹಿಡಿದು ಬದುವಿನ ಉದ್ದಕ್ಕೂ ನಿಲ್ಲುತ್ತಾರೆ, ಕಿಡಿ ಹಾರಿದರೆ ಬಡಿದು ಆರಿಸುತ್ತಾರೆ. ಜಗಳವಾಡಿದವರೂ ಬದುವಿಗೆ ಬರುತ್ತಾರೆ. ಬದುವಿಗೆ ಕರೆಯದೆ ಬಿಡುವುದೆಂದರೆ ನೀನು ನಂಬಿಕೆಯ ಮನುಷ್ಯನಲ್ಲ ಎಂದು ಊರೆದುರು ಹೇಳಿದ ಹಾಗೆ. ಆ ಬೆಂಕಿಯ ನಂತರ ಕಾಕಾನನ್ನು ಯಾರೂ ಕರೆದಿಲ್ಲ.

ಆಗ ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಬದುವಿನ ಮೇಲಿನ ಬೇವಿನ ಮರ ಯಾರದೆಂದು ನಮ್ಮ ಮಾವನಿಗೂ ಕಾಕಾನಿಗೂ ಮಾತು ಬಿಟ್ಟಿತ್ತು. ಕಾಕಾನ ಹೊಲದಲ್ಲಿ ಕಬ್ಬು ಕಡಿದಾಗಿತ್ತು, ರವದಿ ಒಣಗಿ ಬಿದ್ದಿತ್ತು. ನಮ್ಮ ಕಬ್ಬು ಇನ್ನೂ ನಿಂತಿತ್ತು. ಗಾಳಿ ನಮ್ಮ ಕಡೆ ತಿರುಗಿದಾಗ ಅವನು ಬೇಕೆಂದೇ ಬೆಂಕಿ ಹಚ್ಚುತ್ತಾನೆ ಎಂಬುದು ಮಾವನ ತಲೆಯಲ್ಲಿ ಕೂತುಬಿಟ್ಟಿತು. "ಶೆಡ್ಡಿನ್ಯಾಗ ಎರಡ ಕ್ಯಾನ್ ಡೀಸೆಲ್ ಇಟ್ಟಾನ, ನಾನ ನೋಡೀನಿ," ಎನ್ನುತ್ತಿದ್ದರು. ನೀರೆತ್ತುವ ಇಂಜಿನ್ನಿಗೆಂದು ಎರಡು ಕ್ಯಾನ್ ಡೀಸೆಲ್ ನಮ್ಮ ಶೆಡ್ಡಿನಲ್ಲೂ ಇತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಕಾಕಾ ಹೊಲದಲ್ಲಿರಲಿಲ್ಲ. ಗಾಳಿ ನಮ್ಮ ಕಡೆಯಿಂದ ಅವರ ಹೊಲದತ್ತ ಬೀಸುತ್ತಿತ್ತು. ಗಂಡ ಬೇರೆಯವರ ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಗೆ ಹೋಗಿದ್ದ. ಮಾವ ನನ್ನನ್ನು ಕರೆದು, "ಅವ ಹಚ್ಚೂ ಮೊದಲ ನಾವ ಅವನ ರವದಿ ಸುಟ್ಟಬಿಟ್ರ ಹಚ್ಚಾಕ ಏನ್ ಉಳೀತೈತಿ?" ಎಂದು ಕಡ್ಡಿಪೆಟ್ಟಿಗೆ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ಹೆದರಿ ಸುಮ್ಮನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೂ ಅದು ಸರಿಯೇ ಎನಿಸಿತ್ತು. ಅವರು ಒಂದು ತುದಿಗೆ ಹಚ್ಚಿದರು, ನಾನು ಇನ್ನೊಂದು ತುದಿಗೆ ಹಚ್ಚಿದೆ.

ಅರ್ಧ ಹೊಲ ಸುಡುವಷ್ಟರಲ್ಲಿ ಗಾಳಿ ತಿರುಗಿತು. ಬೆಂಕಿ ಬದು ದಾಟಿ ನಮ್ಮ ಕಬ್ಬಿಗೆ ಬಂತು, ಅಲ್ಲಿಂದ ಮೈದುನನ ಮನೆಯವರ ಕಬ್ಬಿಗೂ ಹೋಯಿತು. ಊರೆಲ್ಲ ಓಡಿ ಬಂದು ಬಡಿಯುತ್ತಿದ್ದಾಗ ಕಾಕಾ ನೀರಿನ ಟ್ಯಾಂಕರಿನ ಮೇಲೆ ಕೂತು ಬಂದರು. ಮರುದಿನ ರವದಿ ಸುಡಬೇಕು, ಕಿಡಿ ಹಾರಿದರೆ ನೀರು ಇರಲಿ ಎಂದು ಶಿರಗುಪ್ಪಿಗೆ ಹೋಗಿ ಟ್ಯಾಂಕರ್ ಕೇಳಿ ತಂದಿದ್ದರು. ಸಂಜೆ ಎಲ್ಲರನ್ನೂ ಬದುವಿಗೆ ಕರೆಯುವವರಿದ್ದರು. ಊರಿನವರು ಅದನ್ನು ತಿರುಗಿಸಿ ಹೇಳಿದರು: ತಾನೇ ಹಚ್ಚಿಸಿ, ನೀರು ತರಲು ಹೋದ ಹಾಗೆ ನಾಟಕ ಆಡಿದ. ಎಲ್ಲರೆದುರು ಮೊದಲು ಮಣ್ಣು ತೂರಿ ಶಾಪ ಹಾಕಿದವರು ನಮ್ಮ ಮಾವ. ನಾನು ಪಕ್ಕದಲ್ಲೇ ನಿಂತಿದ್ದೆ, ಸೊಲ್ಲೆತ್ತಲಿಲ್ಲ. ಮಾವ ತೀರಿಕೊಂಡ ಮೇಲೂ ಎತ್ತಲಿಲ್ಲ. ಗಂಡನಿಗೊಬ್ಬನಿಗೆ ಹೇಳಿದಾಗ ಅವನು, ಸತ್ತವರ ಹೆಸರು ಕೆಡಿಸಬೇಡ ಎಂದ. ನನಗೂ ಅದೇ ಬೇಕಾಗಿತ್ತು.

ಆದರೆ ಆ ಬೆಳಿಗ್ಗೆ ಮೈದುನ ಆ ಬೆಂಕಿಯನ್ನೇ ಸಾಕ್ಷಿಗೆ ಕರೆದು, ಮೊದಲು ಹೊಡೆಯಬೇಕು ಎಂದಾಗ ನನ್ನ ಮೈ ಉರಿಯಿತು. ಸುಳ್ಳನ್ನು ಇಷ್ಟು ದಿನ ಬಚ್ಚಿಟ್ಟದ್ದು ಬೇರೆ, ಅದರ ಮೇಲೆ ನಿಂತು ಇನ್ನೊಂದು ದೇಶಕ್ಕೆ ಬೆಂಕಿ ಹಚ್ಚಿ ಎನ್ನುವುದು ಬೇರೆ. ಮಷೀನು ಬಂದ್ ಮಾಡಿದೆ.

"ನಿಮ್ಮ ದೊಡ್ಡಪ್ಪ ಸುಮ್ನ ಕುಂತಿದ್ದಿಲ್ಲ," ಎಂದೆ. "ಕಾಕಾರು ಹಚ್ಚೂ ಮೊದಲ ನಾವ ಹಚ್ಚಿದ್ವಿ. ಒಂದ ಕಡೆ ಅವ್ರು, ಒಂದ ಕಡೆ ನಾನು. ಈ ಕೈಲೆ."

ನಮ್ಮ ಮನೆಯ ಹಾಲು ತಂದು ತಕ್ಕಡಿಯ ಹತ್ತಿರ ನಿಂತಿದ್ದ ನನ್ನ ಗಂಡ ಬಂದು ಮೊಳಕೈ ಹಿಡಿದ. ಕೊಡವಿಕೊಂಡೆ.

"ವೈನಿ, ಮುಗದ ಹೋದದ್ದಕ್ಕ ಈಗ್ಯಾಕ?" ಎಂದ ಮೈದುನ. ದನಿ ಇಳಿದಿತ್ತು.

"ನಿನಗ ಮುಗದೈತಿ, ಅವ್ರಿಗೆ ಮುಗದಿಲ್ಲ. ಡೀಸೆಲ್ ಕ್ಯಾನ್ ನೋಡಿ ನಮಗ ಎಲ್ಲಾ ಗೊತ್ತೈತಿ ಅಂದ್ಕೊಂಡ್ವಿ. ಅವ್ರು ನೀರ ತರಾಕ ಹೋಗಿದ್ರು. ಒಂದ ಮಾತ ಕೇಳಿದ್ರ ತಿಳೀತಿತ್ತು. ಇನ್ನ ಮುಂದ ನನ್ನ ಡೈರಿಯಾಗ ಮೊದಲ ಹೊಡೀರಿ ಅನ್ನವ್ರು ಆ ಬೆಂಕಿ ಹೆಸರ ತಗೀಬಾರ್ದು."

"ಹಂಗಾರ ಅವ್ರ ಬಾಂಬ್ ಮಾಡೂ ತನಕ ಕೈ ಕಟ್ಕೊಂಡ ಕೂಡೂದೇನು?"

"ಕಾವಲ ಇರಬೇಕು. ಹಸಿ ಚೀಲ ಹಿಡ್ಕೊಂಡ ಬದುವಿಗೆ ನಿಲ್ಲೂದು ಕೈ ಕಟ್ಟಿ ಕುಂತಂಗಲ್ಲ."

ಕಾಕಾ ಸಾಲು ಬಿಟ್ಟು ಮುಂದೆ ಬಂದರು. ಕಾಲಿಗೆ ಬೀಳಲೂ ಸಿದ್ಧವಿದ್ದೆ, ಬೈಸಿಕೊಳ್ಳಲೂ ಸಿದ್ಧವಿದ್ದೆ. ಅವರು ಎರಡಕ್ಕೂ ಎಡೆ ಕೊಡಲಿಲ್ಲ.

"ಅವತ್ತ ಹೇಳಬೇಕಾಗಿತ್ತು ತಂಗಿ," ಎಂದರು. "ನನ್ನ ಹೆಂಡತಿ ಇದ್ದಾಗ."

ಹಾಲು ಹಾಕದೆಯೇ ಕ್ಯಾನು ಹಿಡಿದು ಹೊರಟುಹೋದರು. ನಾನು ಅಲ್ಲೇ ಕೂತು ಅತ್ತೆ, ಯಾರೆದುರೂ ಮುಖ ಮುಚ್ಚಿಕೊಳ್ಳಲಿಲ್ಲ.

ಗಂಡ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. "ಅಪ್ಪನ ಹೆಸರ ಮಣ್ಣಾಗ ಹಾಕಿದಿ," ಎಂದ. ಆ ಹೆಸರು ಉಳಿಸಲು ಇನ್ನೊಬ್ಬರ ಹೆಸರು ಸುಟ್ಟದ್ದು ಸಾಕು ಎಂದೆ. ಅಷ್ಟರಲ್ಲಿ ನಮ್ಮ ಕಬ್ಬು ಕಡಿದು ಮುಗಿಯಿತು. ಈ ಸಲ ರವದಿ ನಮ್ಮದು, ಪಕ್ಕದಲ್ಲಿ ನಿಂತ ಕಬ್ಬು ಕಾಕಾನದು. ಅವರನ್ನು ಕರೆದರೆ ತಾನು ಬರುವುದಿಲ್ಲ ಎಂದು ಮೈದುನ ಹೇಳಿ ಕಳಿಸಿದ. ಬಿಡು, ಎಂದು ನಾನೂ ಹೇಳಿ ಕಳಿಸಿದೆ.

ಸಂಜೆ ನಾನೇ ಕಾಕಾನ ಮನೆಗೆ ಹೋದೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದರು. ಕೂಡು ಎನ್ನಲಿಲ್ಲ.

"ನಾಳೆ ನಮ್ಮ ರವದಿ ಸುಡ್ತೀವ್ರಿ. ಬದುವಿಗೆ ಬರ್ರಿ," ಎಂದೆ.

"ಇಪ್ಪತ್ತೆರಡ ವರ್ಷ ಯಾರೂ ಕರದಿಲ್ಲ."

"ಹೌದ್ರಿ. ಅದಕ್ಕ ನಾನ ಬಂದೀನಿ."

ಅವರು ಮೇವು ಹಾಕುವುದನ್ನು ನಿಲ್ಲಿಸಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ.

ಮರುದಿನ ಹತ್ತು ಗಂಟೆಗೆ ನಾವೆಲ್ಲ ಬದುವಿನ ಮೇಲೆ ನಿಂತಿದ್ದೆವು. ಬರುವುದಿಲ್ಲ ಎಂದಿದ್ದ ಮೈದುನನೂ ಬಂದಿದ್ದ; ಅವನ ಕಬ್ಬೂ ಪಕ್ಕದಲ್ಲೇ ಇತ್ತಲ್ಲ. ಗಂಡ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದಿದ್ದ. ಆಗ ಕಾಕಾ ಬಂದರು, ಹೆಗಲ ಮೇಲೆ ಹಸಿ ಚೀಲ. ನನ್ನತ್ತ ನೋಡಲಿಲ್ಲ.

"ಯಾರೋ ಕರದಾರಂತ ಬಂದಿಲ್ಲ. ನನ್ನ ಕಬ್ಬ ಐತಿ ಇಲ್ಲಿ," ಎಂದರು. ಒಂದು ಹಿಡಿ ಧೂಳು ಎತ್ತಿ ಬಿಟ್ಟು, ಅದು ಹೋದ ದಿಕ್ಕನ್ನು ನೋಡಿದರು. ಇನ್ನೊಮ್ಮೆ ಬಿಟ್ಟು ನೋಡಿದರು. "ಇವತ್ತ ಬ್ಯಾಡ. ಗಾಳಿ ಒಂದ ಕಡೆ ನಿಲ್ಲವಲ್ದು."

ಮೈದುನ ಚೀಲ ಹಿಂಡಿ ಹೆಗಲಿಗೆ ಹಾಕಿಕೊಂಡ. ಗಂಡ ಕಡ್ಡಿಪೆಟ್ಟಿಗೆಯನ್ನು ಕಿಸೆಗೆ ಹಾಕಿದ.

"ಮತ್ತ ಯಾವಾಗ ಹಚ್ಚೂನ್ರಿ, ಕಾಕಾ?" ಎಂದು ಕೇಳಿದ.

"ನಾ ಹೇಳ್ತೀನಿ," ಎಂದರು ಕಾಕಾ.